ಐನೊ ಕೊಂಡ ಗುಳಿಗೆ

ಮ್ಯಾಸಚೂಸೆಟ್ಸ್‌ನ ನಮ್ಮ ಊರಲ್ಲಿ ಎತ್ತ ನೋಡಿದರೂ ಕ್ರ್ಯಾನ್‌ಬೆರಿ ಎಂಬ ಕೆಂಪು ಹುಳಿಹಣ್ಣಿನ ಗದ್ದೆ; ಉರಿಮೂತ್ರಕ್ಕೆ ಅದರ ರಸವೇ ಮದ್ದು ಎಂದು ಊರೆಲ್ಲ ನಂಬುತ್ತದೆ. ಅಂಥ ಊರಲ್ಲಿ ಇದ್ದುಕೊಂಡು ಔಷಧದಂಗಡಿಯಲ್ಲಿ ಕ್ರ್ಯಾನ್‌ಬೆರಿ ಗುಳಿಗೆ ಕೊಂಡದ್ದು ಐನೊ ಹಾರ್ಜು ಮಾಡಿದ ಮೊದಲ ತಪ್ಪು. ಪಕ್ಕದ ಮನೆಯ ಹೆಪ್ಸಿ ಬೆನ್ನ ಹಿಂದೆಯೇ ನಿಂತದ್ದನ್ನು ನೋಡದಿದ್ದದ್ದು ಎರಡನೆಯದು.

ಗುಳಿಗೆ ಅವನಿಗಲ್ಲ, ಅವನ ಮುದಿ ನಾಯಿ ಪುಲ್ಲಾಗೆ. ಅದಕ್ಕೆ ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತಿತ್ತು. ಔಷಧ ಕೊಟ್ಟು ವಾಸಿ ಮಾಡಿದ ಪಶುವೈದ್ಯ, "ಇನ್ನು ಬರದ ಹಾಗೆ ಇದನ್ನೂ ಕೊಟ್ಟು ನೋಡು, ಗ್ಯಾರಂಟಿ ಏನಿಲ್ಲ" ಎಂದಿದ್ದ.

ಅವತ್ತು ಐನೊನ ಗದ್ದೆಯ ಕೊಯ್ಲಿನ ಸರದಿ. ಯಾರ ಗದ್ದೆಯ ಕೊಯ್ಲೋ ಅವರ ಮನೆಯಲ್ಲೇ ಸಂಜೆ ಎಲ್ಲರ ಊಟ, ಅದು ನಮ್ಮ ಪದ್ಧತಿ. ಹೆಂಡತಿ ಐಲಿ ತೀರಿಹೋಗಿ ಮೂರು ವರ್ಷವಾಗಿತ್ತು. ಅಂದಿನಿಂದ ಅವನ ಮೇಜಿನ ಮೇಲೆ ಒಂದಕ್ಕಿಂತ ಹೆಚ್ಚು ಬಟ್ಟಲು ಕೂರುತ್ತಿದ್ದದ್ದು ವರ್ಷಕ್ಕೆ ಆ ಒಂದು ಸಂಜೆ ಮಾತ್ರ. ಬೆಳಿಗ್ಗೆಯೇ ಎದ್ದು, ಐಲಿ ಮಾಡುತ್ತಿದ್ದ ಹಾಗೆ ಹಾಲು ಹಾಕಿದ ಮೀನಿನ ಸಾರನ್ನು ದೊಡ್ಡ ಪಾತ್ರೆ ತುಂಬ ಮಾಡಿ, ಹನ್ನೆರಡು ಬಟ್ಟಲು ತೊಳೆದಿಟ್ಟಿದ್ದ.

ಅಂಗಡಿಯಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ಹೆಪ್ಸಿ ಬಾಟಲಿ ಹಿಡಿದು ಹಾಜರ್.

"ಎಷ್ಟು ದಿನದಿಂದ ಉರಿ?"

"ಯಾವ ಉರಿ?"

"ನಾಚ್ಕೋಬೇಡ ಕಣೋ, ನನಗೂ ಬಂದಿತ್ತು. ನಮ್ಮ ಗದ್ದೆ ಹಣ್ಣಿನ ರಸ, ಚೂರೂ ಸಕ್ಕರೆ ಹಾಕಿಲ್ಲ. ಕುಡಿ."

'ಗುಳಿಗೆ ನಾಯಿಗೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೆಪ್ಸಿ ಅವನ ಹಣೆ ಮುಟ್ಟಿ, "ರಾತ್ರಿ ನಿದ್ದೆ ಬಂತಾ?" ಎಂದು ಕೇಳಿಬಿಟ್ಟಳು. ಮೂರು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಐನೊ ಮಾತು ನುಂಗಿಕೊಂಡು ರಸ ಕುಡಿದ. ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು.

ಸುದ್ದಿ ಹಬ್ಬಿತು. ಗದ್ದೆಯ ಏರಿಯ ಆಚೆ ಮನೆಯ ಜುವಾಕಿಂ ಬರೋಸ್ ಬಂದ. "ಹೆಪ್ಸಿ ಕೊಟ್ಟಿದ್ದು ರಸಾನಾ? ಬರೀ ಬಣ್ಣದ ನೀರು ಮಾರಾಯಾ. ನಮ್ಮದು ಕುಡಿ!" ಒಬ್ಬರದನ್ನು ಕುಡಿದು ಇನ್ನೊಬ್ಬರದನ್ನು ಬಿಟ್ಟರೆ ನಮ್ಮೂರಲ್ಲಿ ಜನ್ಮದ ಹಗೆ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಏಳು ಗದ್ದೆಯ ರಸ ಐನೊನ ಹೊಟ್ಟೆ ಸೇರಿತು. ಸೇರಿದ್ದು ಸುಮ್ಮನಿರುತ್ತದೆಯೇ? ಐದೈದು ನಿಮಿಷಕ್ಕೂ ಬಚ್ಚಲಿಗೆ ಓಡತೊಡಗಿದ.

"ನೋಡಿದ್ಯಾ? ಒಂಬತ್ತನೇ ಸಲ!" ಕೊಯ್ಲಿಗೆ ಸೇರಿದವರು ಲೆಕ್ಕ ಹಾಕಿದರು.

"ರಸ ಕುಡಿದಿದ್ದಕ್ಕೆ ಕಣ್ರೋ!"

"ಪಾಪ, ಒಪ್ಪಿಕೊಳ್ಳಲ್ಲ. ಇನ್ನೊಂದು ಲೋಟ ಕೊಡಿ."

ಜುವಾಕಿಂನ ಹೆಂಡತಿ ನಿಲ್ಡಾ, "ಬಂದಿರೋ ಸೋಂಕು ರಸಕ್ಕೆಲ್ಲಾ ಹೋಗಲ್ಲ ಕಣ್ರೀ, ಡಾಕ್ಟರ್‌ಗೆ ತೋರಿಸ್ಬೇಕು" ಎಂದಳು. ಕ್ರ್ಯಾನ್‌ಬೆರಿ ಊರಲ್ಲಿ ಅಂಥ ಮಾತು ಆಡಬಹುದೇ? ಎಲ್ಲರೂ ಅವಳನ್ನು ದುರುಗುಟ್ಟಿಕೊಂಡು ನೋಡಿದರು.

ಗದ್ದೆಯ ನೀರಿಗಿಳಿಯಲು ಐನೊ ಎದೆಮಟ್ಟದ ರಬ್ಬರ್ ಬೂಟು ಹಾಕಿಕೊಳ್ಳಲು ಹೋದರೆ ಹೆಪ್ಸಿ ಅದನ್ನು ಕಿತ್ತುಕೊಂಡಳು. "ಈ ಸ್ಥಿತೀಲಿ ತಣ್ಣೀರಿಗೆ ಇಳೀತೀಯಾ? ಹೋಗಿ ಮಲಕ್ಕೋ!"

ಕೊಯ್ಲಿಗೆಂದು ಸೊಂಟದವರೆಗೆ ನೀರು ನಿಲ್ಲಿಸಿದ ಅವನ ಗದ್ದೆಯ ತುಂಬ ಕೆಂಪು ಹಣ್ಣು ತೇಲುತ್ತಿತ್ತು. ಅವರೆಲ್ಲ ನಗುತ್ತ, ಒಬ್ಬರಿಗೊಬ್ಬರು ನೀರೆರಚುತ್ತ ಹಣ್ಣನ್ನು ಒಂದೆಡೆ ಸೇರಿಸುವುದನ್ನು ಐನೊ ಕಿಟಕಿಯಿಂದ ನೋಡಿದ. ಹೋಗಲಿ, ಸಂಜೆ ಎಲ್ಲರೂ ಇಲ್ಲಿಗೇ ತಾನೆ ಬರುವುದು ಎಂದು ಸಮಾಧಾನ ಮಾಡಿಕೊಂಡ.

ಸಂಜೆ ಬಂದರು, ತುದಿಗಾಲಲ್ಲಿ. ಜುವಾಕಿಂ ಸಾರಿನ ಪಾತ್ರೆ ಎತ್ತಿಕೊಂಡ, ನಿಲ್ಡಾ ಬಟ್ಟಲುಗಳನ್ನು ಜೋಡಿಸಿಕೊಂಡಳು.

"ಎಲ್ಲಿಗೆ?" ಐನೊ ಗಾಬರಿಯಾದ.

"ನಮ್ಮನೆಗೆ. ನಾವಿಲ್ಲಿ ಗಲಾಟೆ ಮಾಡಿದ್ರೆ ನೀನು ಮಲಗೋದು ಹೇಗೆ?" ಎಂದ ಜುವಾಕಿಂ.

"ನನಗೇನೂ ಆಗಿಲ್ಲ! ಗುಳಿಗೆ ತಂದಿದ್ದು ನಾಯಿಗೆ!"

ಹೆಪ್ಸಿ ಮತ್ತೆ ಅವನ ಹಣೆ ಮುಟ್ಟಿದಳು. "ಜ್ವರ ತಲೆಗೇರಿದೆ. ನಾಯೀನೂ ಕರ್ಕೊಂಡು ಹೋಗೋಣ, ನಿನಗ್ಯಾಕೆ ತೊಂದ್ರೆ."

ಪುಲ್ಲಾ ಮೀನಿನ ವಾಸನೆ ಹಿಡಿದು, ತಿರುಗಿಯೂ ನೋಡದೆ ಹೊರಟಿತು.

ಏರಿಯ ಆಚೆ ಜುವಾಕಿಂನ ಮನೆಯಲ್ಲಿ ದೀಪ ಹೊತ್ತಿಕೊಂಡಿತು, ನಗೆ ಕೇಳಿಸಿತು. ಐನೊಗೆ ತಡೆಯಲಾಗಲಿಲ್ಲ. ಅಂಗಿ ತೊಟ್ಟು ಏರಿಯ ಮೇಲೆ ನಡೆದ. ಅರ್ಧ ದಾರಿಯಲ್ಲಿ ಏಳು ಗದ್ದೆಯ ರಸವೂ ಒಟ್ಟಿಗೆ ಅವಸರಪಡಿಸಿತು. ಪಂಪ್ ಶೆಡ್ಡಿನ ಮರೆಗೆ ನಿಂತದ್ದನ್ನು ಜುವಾಕಿಂ ಕಿಟಕಿಯಿಂದ ಕಂಡ.

"ಅಯ್ಯೋ, ಮನೆ ಮುಟ್ಟೋ ತನಕಾನೂ ತಡ್ಕೊಳ್ಳೋಕೆ ಆಗ್ತಿಲ್ಲ!"

ಇಬ್ಬರು ರಟ್ಟೆ ಹಿಡಿದು ತಂದು ಮಲಗಿಸಿದರು. ಕಂಬಳಿ ಹೊದಿಸಿ, "ನಿನ್ನ ಪಾಲನ್ನ ಮೇಜಿನ ಮೇಲೆ ಇಟ್ಟಿದೀವಿ" ಎಂದು ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದರು.

ಎದ್ದು ಹೋಗಿ ನೋಡಿದ. ಹನ್ನೆರಡರಲ್ಲಿ ಒಂದೇ ಬಟ್ಟಲು ಉಳಿದಿತ್ತು, ಮೇಲೊಂದು ತಟ್ಟೆ ಮುಚ್ಚಿತ್ತು. ಐಲಿಯ ಕೈರುಚಿಯ ಸಾರು ಒಂದು ಗುಟುಕಾದರೂ ಸಿಕ್ಕಿತಲ್ಲ ಎಂದು ಆಸೆಯಿಂದ ತಟ್ಟೆ ತೆಗೆದ.

ಬಟ್ಟಲಿನ ತುಂಬ ಕ್ರ್ಯಾನ್‌ಬೆರಿ ರಸವಿತ್ತು.