ಚುಕ್ಕೆ ಕೋಳಿಯ ಅಧಿಕೃತ ಕಾಯಿಲೆ

ಫರ್ಗಾನಾ ಕಣಿವೆಯ ನಮ್ಮ ಬೀದಿಯಲ್ಲಿ, ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ, ಆಗಿರುವ ವಿಧವೆ ಸನೋಬರ್ ಖಾಲಾ ಅವರ ನಾಲ್ಕು ಕೋಳಿಗಳ ಪೈಕಿ ಚುಕ್ಕೆ ಕೋಳಿಯು ನವ್ರೂಜ್ ಹಬ್ಬದ ಮರುದಿನದಿಂದ ಕಾಳು ಮುಟ್ಟಿಲ್ಲವೆಂದು ಈ ಮೂಲಕ ದಾಖಲಿಸಲಾಗಿದೆ. ದಾಖಲಿಸಿದವನು ನಾನು, ಬಾತಿರ್, ಮೊಹಲ್ಲಾ ಸಮಿತಿಯ ಗುಮಾಸ್ತ.

ಖಾಲಾ ಅದನ್ನು ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ತಂದೂರಿನ ಬದಿಗೆ ಕೂರಿಸಿ, ಬೆಳ್ಳುಳ್ಳಿ ಜಜ್ಜಿ ಮೊಸರಲ್ಲಿ ಕಲಸಿ ತಿನ್ನಿಸುತ್ತಿದ್ದರು. ಮರಿಯಿದ್ದಾಗಿನಿಂದ ಅವರ ಮಡಿಲಲ್ಲೇ ಬೆಳೆದ ಕೋಳಿ. ಅದಕ್ಕೇನಾದರೂ ಆದರೆ ಅವರು ತಡೆದುಕೊಳ್ಳುವವರಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಕೋಳಿ ಕಾಯಿಲೆ ಬಿದ್ದರೆ ಸಮಿತಿಗೆ ತಿಳಿಸಬೇಕೆಂಬ ನಿಯಮವಿದೆ. ಪ್ರಾಮಾಣಿಕ ಹೆಂಗಸು, ತಿಳಿಸಿದರು.

ಪಶುವೈದ್ಯ ದಿಲ್ಮುರಾದ್ ಬಂದರು. ಹೊಸ್ತಿಲು ದಾಟಿದವರೆಲ್ಲ ನಮ್ಮಲ್ಲಿ ಅತಿಥಿಗಳು. ಅತಿಥಿಗೆ ಕೋಳಿ ಕೊಯ್ಯದೆ ಕಳಿಸಿದರೆ ಇಡೀ ಬೀದಿಯ ಮರ್ಯಾದೆ ಹೋಗುತ್ತದೆ. ಕಪ್ಪು ಕೋಳಿ ಕೊಪ್ಪರಿಗೆಗೆ ಹೋಯಿತು.

"ಕಾಯಿಲೆಯವಳ ಹತ್ರ ಗದ್ದಲ ಬೇಡ ಖಾಲಾ," ವೈದ್ಯರು ತೊಡೆಮೂಳೆ ಚೀಪುತ್ತ ಹೇಳಿದರು. "ಮೂವರ ಮಂಡಳಿ ಬಂದು ನೋಡ್ಲಿ."

"ಮೂವರೂ ಊಟಕ್ಕಿರ್ತಾರೇನಪ್ಪಾ?"

"ಅವರು ಊಟ ಬೇಡ ಅಂದ್ರೆ ನಿಮಗೇ ಅವಮಾನ ಅಲ್ವಾ?"

ಮಂಡಳಿ ಬಂತು. ಬಿಳಿಯದೂ ಕೆಂಚಿಯೂ ಹೋದವು. ಕೈ ತೊಳೆದು ಮಂಡಳಿಯು ವರದಿ ಬರೆಯಿತು: "ನಾಲ್ಕು ಕೋಳಿಗಳಲ್ಲಿ ಮೂರು ಹದಿನೈದು ದಿನದೊಳಗೆ ಇಲ್ಲವಾಗಿವೆ. ಕಾಯಿಲೆಯು ಭೀಕರವಾಗಿದ್ದು, ಜಿಲ್ಲಾ ಆಯೋಗದ ಭೇಟಿ ಅಗತ್ಯ." ಕೆಳಗೆ ಮೂರು ಸಹಿ, ಒಂದು ಎಣ್ಣೆ ಕಲೆ. ಕಲೆಯನ್ನು ಮೊಹರೆಂದು ಪರಿಗಣಿಸಲಾಯಿತು.

ಆಯೋಗ ಬರುವ ದಿನಕ್ಕೆ ಸರಿಯಾಗಿ ಚುಕ್ಕೆ ಕೋಳಿ ವಾಸಿಯಾಯಿತು. ಬೆಳ್ಳುಳ್ಳಿಗೆ ನಿಯಮಾವಳಿ ಗೊತ್ತಿರಲಿಲ್ಲ. ಖಾಲಾ ನನ್ನ ತೋಳು ಹಿಡಿದುಕೊಂಡರು.

"ಬಾತಿರ್, ಇವಳೊಬ್ಳೇ ಕಣಪ್ಪಾ ಉಳಿದಿರೋದು. ಏನಾದ್ರೂ ಬರಿ."

ನನಗೆ ನಾಚಿಕೆಯಾಯಿತು. ಹಿಂದಿನ ಎರಡು ಊಟಕ್ಕೂ ನಾನು ಕೂತಿದ್ದೆ.

ಅಷ್ಟರಲ್ಲಿ ಆಯೋಗದ ಅಧ್ಯಕ್ಷರು ಒಳಬಂದರು. ಕೋಳಿ ಓಡಿಹೋಗಿ ಅವರ ಬೂಟಿನ ಲಾಡಿ ಕುಕ್ಕಿತು.

"ಗಟ್ಟಿಮುಟ್ಟಾಗಿದೆಯಲ್ಲಮ್ಮಾ," ಎಂದು ಅವರು ಕೊಪ್ಪರಿಗೆಯ ಕಡೆ ನೋಡಿದರು.

"ಕಾಯಿಲೆ ಜಾಸ್ತಿಯಾದಾಗ ಹೀಗೇ ಆಡ್ತದೆ ಸಾಹೇಬ್ರೇ," ನಾನೆಂದೆ. "ವಾಸಿಯಾಗಿದೆ ಅಂತ ಬರೆದ್ರೆ ಆಯೋಗಕ್ಕೆ ಇಲ್ಲೇನು ಕೆಲಸ?"

ಅಧ್ಯಕ್ಷರು ಯೋಚಿಸಿದರು. "ಪಾಪ, ಬಹಳ ಸೀರಿಯಸ್ಸು," ಎಂದು ಕಾಯಿಲೆಯ ಪತ್ರಕ್ಕೆ ಸಹಿ ಹಾಕಿದರು.

ಕಾಯಿಲೆಯ ಪತ್ರವಿರುವ ಕೋಳಿಯನ್ನು ತಿನ್ನುವಂತಿಲ್ಲ. ಬೀದಿಯ ಮರ್ಯಾದೆ ಉಳಿಸಲು ಪಕ್ಕದ ಮನೆಯ ಎರ್ಗಾಶ್ ಅಕಾ, ಅಂದರೆ ಎರ್ಗಾಶಣ್ಣ, ತಮ್ಮ ಹುಂಜ ಕೊಯ್ದರು. ಮರುದಿನ ಬೆಳಿಗ್ಗೆ ಅವರೇ ಕಚೇರಿಗೆ ಬಂದು, ತಮ್ಮ ಉಳಿದ ಎಂಟೂ ಕೋಳಿಗಳು ಕಾಯಿಲೆ ಬಿದ್ದಿವೆಯೆಂದು ಅರ್ಜಿ ಕೊಟ್ಟರು. ವಾರದೊಳಗೆ ಬೀದಿಯ ನೂರಹನ್ನೆರಡು ಕೋಳಿಗಳಿಗೂ ಪತ್ರ ಸಿಕ್ಕಿತು. ಎಲ್ಲವೂ ಚೆನ್ನಾಗಿ ಮೊಟ್ಟೆಯಿಡುತ್ತಿವೆ. ಇದನ್ನು ಕಾಯಿಲೆಯ ಎರಡನೇ ಹಂತವೆಂದು ಗುರುತಿಸಲಾಗಿದೆ.

ಆಯೋಗ ಗುರುವಾರ ಮತ್ತೆ ಬರಲಿದೆ. ತಿನ್ನಬಹುದಾದ ಕೋಳಿ ಬೀದಿಯಲ್ಲಿ ಒಂದೂ ಉಳಿದಿಲ್ಲವಾದ್ದರಿಂದ, ಮುಂಜಾಗ್ರತೆಯಾಗಿ ನಮ್ಮ ಕುರಿಗಳಿಗೆ ಕೆಮ್ಮಲು ಕಲಿಸಲಾಗುತ್ತಿದೆ. ತರಬೇತಿ ಸನೋಬರ್ ಖಾಲಾ ಅವರ ಅಂಗಳದಲ್ಲಿ. ಚುಕ್ಕೆ ಕೋಳಿ ಅವರ ಮಡಿಲಲ್ಲಿ ಕೂತು ನೋಡುತ್ತಿರುತ್ತದೆ. ಹಾಜರಾತಿ ಚೆನ್ನಾಗಿದೆ.