ಕುಂಕುಮ ಹಚ್ಚದ ಕಂಪ್ಯೂಟರ್

ಷಡಕ್ಷರಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಕಂಪ್ಯೂಟರಿಗೆ ಪೂಜೆ ಆಗಿಹೋಗಿತ್ತು.

ಮಾನಿಟರಿನ ಹಣೆಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಮೇಲೆ ಸೇವಂತಿಗೆ ಹಾರ. ಕೀಬೋರ್ಡು ಮೇಜಿನ ಮೇಲಿರಲಿಲ್ಲ. ಅದು ಸರಸ್ವತಿಯ ಪಟದ ಮುಂದೆ, ಪುಸ್ತಕಗಳ ರಾಶಿಯ ಮೇಲೆ, ಎರಡು ಬಾಳೆಹಣ್ಣು ಹೊತ್ತುಕೊಂಡು ಮಲಗಿತ್ತು.

“ಮಂಗಳಾ, ಇದನ್ನ ಯಾರು ಮಾಡಿದ್ದು?”

“ನಾನೇ ಕಣ್ರೀ,” ಎಂದಳು ಹೆಂಡತಿ ಸರ್ವಮಂಗಳಾ ಸಂತೋಷದಿಂದ. “ಆಯುಧ ಪೂಜೆ ಅಲ್ವಾ? ನಮ್ಮನೇಲಿ ಈಳಿಗೆಮಣೆ ಬಿಟ್ರೆ ಆಯುಧ ಅಂತ ಇರೋದು ಇದೊಂದೇ.”

“ಒಂದೇ ಒಂದು ಮೇಲ್ ಕಳಿಸ್ಬೇಕಿತ್ತಲ್ಲೇ!”

“ನಾಳೆ ಕಳಿಸಿ. ಪೂಜೆಗೆ ಇಟ್ಟಿದ್ದನ್ನ ವಿಜಯದಶಮಿವರೆಗೂ ಮುಟ್ಟಂಗಿಲ್ಲ.”

ಆ ಮೇಲ್ ನಾಳೆ ಹೋದರೆ ಯಾಕಾಗುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಜರ್‌ಬಾದಿನ ಷಡಕ್ಷರಿ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಸಹಾಯಕ. ಅಲ್ಲಿ ಅವನ ಹೆಸರು ಕೂಗುತ್ತಿದ್ದುದು ಏನಾದರೂ ಒಡೆದಾಗ ಮಾತ್ರ. ಆದರೆ ಮನೆಗೆ ಬಂದು ಟೆಲಿಫೋನ್ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದೊಡನೆ ಅವನು ಬೇರೆಯೇ ಮನುಷ್ಯ. ಬ್ಯಾಂಕು, ವಿಮೆ ಕಂಪನಿಗಳಲ್ಲಿ ಬೀರುವಿನಷ್ಟು ದೊಡ್ಡ ಕಂಪ್ಯೂಟರುಗಳಿರುತ್ತವಲ್ಲ, ಮೇನ್‌ಫ್ರೇಮ್ ಎನ್ನುತ್ತಾರೆ, ಅವುಗಳ ಮೇಲೂ ಲಿನಕ್ಸ್ ಎಂಬ ಪುಕ್ಕಟೆಯ ತಂತ್ರಾಂಶ ಓಡಲೇಬೇಕು ಎಂದು ಹಟ ಹಿಡಿದವರು ಒಂದು ಬಳಗದಲ್ಲಿ ಐದು ಜನರಿದ್ದರು. ನಾಯಕ ಜರ್ಮನಿಯ ಒಬ್ಬ ನಿವೃತ್ತ ಮೇಷ್ಟ್ರು. ಐದನೆಯವನು ನಮ್ಮ ಷಡಕ್ಷರಿ. ಸಂಬಳವಿಲ್ಲ, ಸನ್ಮಾನವಿಲ್ಲ, ಐವರಲ್ಲಿ ಒಬ್ಬರ ಹತ್ತಿರವೂ ಸ್ವಂತ ಮೇನ್‌ಫ್ರೇಮ್ ಇಲ್ಲ. ಯಾವುದೋ ಕಂಪನಿ ತನ್ನ ದೊಡ್ಡ ಯಂತ್ರದ ಒಂದು ಮೂಲೆಯನ್ನು ಧರ್ಮಕ್ಕೆ ಬಿಟ್ಟುಕೊಟ್ಟಿತ್ತು, ಹೆಸರು ವಿಳಾಸ ಬಹಿರಂಗ ಮಾಡಬಾರದೆಂಬ ಕರಾರಿನ ಮೇಲೆ. ಐವರೂ ದೂರದಿಂದಲೇ ಅದರೊಳಕ್ಕೆ ಹೋಗಿ ಕೆಲಸ ಮಾಡುತ್ತಿದ್ದರು. ಯಂತ್ರ ಜರ್ಮನಿಯಲ್ಲಿದೆ ಎಂದು ಷಡಕ್ಷರಿ ತನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದ. ಈ ಜೂನ್ ತಿಂಗಳಿನಿಂದ ಅದು ಬಹಳ ಚುರುಕಾಗಿ ಉತ್ತರ ಕೊಡುತ್ತಿತ್ತು. ಅದು ಮೇ ತಿಂಗಳಲ್ಲಿ ತಾನು ಮಾಡಿದ ತಿದ್ದುಪಡಿಯ ಮಹಿಮೆ ಎಂದೂ ಅವನೇ ತೀರ್ಮಾನಿಸಿದ್ದ.

ಲಿನಕ್ಸಿನ ಹೊಸ ಆವೃತ್ತಿ ಹೊರಡುವ ಮುನ್ನ ಆ ಬಳಗದ ಹಿರಿಯರು ಹಾಜರಿ ಕೂಗುವ ಪದ್ಧತಿ ಇತ್ತು. ಪ್ರತಿಯೊಂದು ಬಗೆಯ ಯಂತ್ರಕ್ಕೂ ಐದು ಜನ ‘ನಾನಿದ್ದೇನೆ’ ಎಂದು ಬರೆಯಬೇಕು. ಜೊತೆಗೆ, ಗಡುವಿನ ಗಳಿಗೆಯಲ್ಲಿ ಒಂದು ಯಂತ್ರ ಓಡುತ್ತಿರಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಆ ಬಗೆಯ ಯಂತ್ರ ಹೊಸ ಆವೃತ್ತಿಯ ಪಟ್ಟಿಯಿಂದ ಔಟ್. ಯಂತ್ರದ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ನಾಲ್ಕು ವರ್ಷದಲ್ಲಿ ಅದು ಒಂದು ಸಲವೂ ಮಲಗಿದ್ದಿಲ್ಲ. ಭಾನುವಾರ ಸಂಜೆ ಷಡಕ್ಷರಿ ಅದಕ್ಕೆ ಮೂರು ದಿನ ಹಿಡಿಯುವ ಒಂದು ಕೆಲಸ ಬೇರೆ ಹಚ್ಚಿದ್ದ. ನಾಲ್ಕು ಜನ ಆಗಲೇ ಹಾಜರಿ ಹಾಕಿದ್ದರು. ಕೊನೆಯ ದಿನ ಬರೆದರೆ ತನ್ನ ಮಾತಿಗೆ ತೂಕ ಹೆಚ್ಚು ಎಂದು ಇವನು ಕಾದಿದ್ದ. ಗಡುವು ಎರಡು ಸಾವಿರದ ಐದನೆಯ ಇಸವಿಯ ಆಯುಧ ಪೂಜೆಯ ದಿನ ಸಂಜೆ ಐದೂವರೆ, ನಮ್ಮ ಗಡಿಯಾರದಲ್ಲಿ.

ಗಂಡ ಹೆಂಡಿರ ಮಾತು ಕೇಳಿ ಮಹಡಿಯಿಂದ ಸುಂದರಮ್ಮ ಇಳಿದು ಬಂದರು. ಮನೆಯ ಮಾಲೀಕರು. ಆ ಬೀದಿಯಲ್ಲಿ ಶಾಸ್ತ್ರದ ವಿಚಾರಕ್ಕೆ ಅವರದೇ ಕೊನೆಯ ಮಾತು.

“ಸುಂದರಮ್ಮನೋರೆ, ನೀವೇ ಹೇಳಿ. ಪೂಜೆ ಆದ ಸ್ಕೂಟರ್ ಓಡಿಸ್ತಾರೆ. ಆಟೋ ಓಡಿಸ್ತಾರೆ. ಕಂಪ್ಯೂಟರ್ ಯಾಕೆ ಓಡಿಸ್ಬಾರ್ದು?”

“ಗಾಡಿ ಚಕ್ರಾನ ನಿಂಬೆಹಣ್ಣಿನ ಮೇಲೆ ಹತ್ತಿಸಿದ್ರೆ ಅದ್ರ ಪೂಜೆ ಮುಗೀತು ಕಣಪ್ಪ,” ಎಂದರು ಸುಂದರಮ್ಮ. “ಇದನ್ನ ಎಲ್ಲಿ ಹತ್ತಿಸ್ತೀಯ?”

“ಮೌಸಿಗೂ ಒಂದು ಚಕ್ರ ಇದೆ. ಅದನ್ನೇ ಹತ್ತಿಸಿಬಿಡಿ!” ಎಂದು ಷಡಕ್ಷರಿ ರೇಗಿ, ಅಂಗಿಗೆ ಕೈ ತೂರಿಸಿಕೊಂಡು ಬೀದಿಗಿಳಿದ.

ಅವನಿಗೇನೂ ಗಾಬರಿಯಿರಲಿಲ್ಲ. ಗಂಟೆ ಇನ್ನೂ ಹನ್ನೆರಡು. ಮೈಸೂರಿನಂಥ ಮೈಸೂರಿನಲ್ಲಿ ಒಂದು ಕಂಪ್ಯೂಟರ್ ಸಿಗುವುದಿಲ್ಲವೇ?

ಮೂಲೆಯಲ್ಲೇ ಬೀರಯ್ಯನ ಸೈಬರ್ ಸೆಂಟರ್ ಇತ್ತು. ಷಡಕ್ಷರಿ ಮೆಟ್ಟಿಲು ಹತ್ತುವುದಕ್ಕೂ ಬೀರಯ್ಯ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುವುದಕ್ಕೂ ಸರಿಹೋಯಿತು. ಕುಂಕುಮದ ನೀರು ಬಿಳಿ ಅಂಗಿಯ ತುಂಬ ಎರಚಿತು.

“ಒಳ್ಳೇದಾಯ್ತು ಬುಡಣ್ಣ, ದೃಷ್ಟಿ ತೆಗ್ದಂಗಾಯ್ತು,” ಎಂದ ಬೀರಯ್ಯ.

“ಬೀರಯ್ಯ, ಐದು ನಿಮಿಷ ಒಂದು ಕಂಪ್ಯೂಟರ್ ಕೊಡಪ್ಪ.”

“ಎಂಗೆ ಕೊಡ್ಲಿ? ಎಂಟಕ್ಕೂ ಪೂಜೆ ಮಾಡ್ಬುಟ್ಟೆ. ತಗೋ, ಕಡ್ಲೆಪುರಿ ತಿನ್ನು.”

ಒಳಗೆ ಎಂಟು ಮಾನಿಟರುಗಳು ಹಾರ ಹಾಕಿಕೊಂಡು ಮದುವೆಗೆ ಬಂದ ಬೀಗರಂತೆ ಸಾಲಾಗಿ ಕೂತಿದ್ದವು. ಷಡಕ್ಷರಿ ತನ್ನ ಸಂಕಟವನ್ನು ಹೇಳಿಕೊಂಡ. ಬೀರಯ್ಯನಿಗೆ ಮೇನ್‌ಫ್ರೇಮ್ ಅರ್ಥವಾಗಲಿಲ್ಲ, ಆದರೆ ಒಬ್ಬ ಮನುಷ್ಯನ ಹಾಜರಿ ತಪ್ಪುತ್ತದೆ ಎನ್ನುವುದು ಅರ್ಥವಾಯಿತು.

“ನಡಿಯಣ್ಣ, ಊರೇ ಜಾಲಾಡ್ಬುಡಣ!” ಎಂದು ಬಾಗಿಲು ಎಳೆದು, ಬಾಳೆಕಂದು ಕಟ್ಟಿದ್ದ ಸ್ಕೂಟರ್ ಹೊರತೆಗೆದ.

ಹಿಂದೆ ಕೂತ ಷಡಕ್ಷರಿಯ ಕಿವಿಗೆ ದಾರಿಯುದ್ದಕ್ಕೂ ಬಾಳೆ ಎಲೆ ಹೊಡೆಯುತ್ತಿತ್ತು. ಟ್ರಾವೆಲ್ಸ್ ಆಫೀಸಿಗೆ ಹೋದರು: ಪೂಜೆ ಆಗಿತ್ತು, ಪುರಿ ಕೊಟ್ಟರು. ಅಶೋಕಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪ್‌ರೈಟರುಗಳನ್ನೂ ಸೇರಿಸಿ ಪೂಜೆ ಆಗಿತ್ತು. ಪುರಿಯ ಜೊತೆಗೆ ಬತ್ತಾಸೂ ಸಿಕ್ಕಿತು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪೂಜೆ ಇನ್ನೂ ಆಗಿಲ್ಲವೆಂದು ಕೇಳಿ ಷಡಕ್ಷರಿ ಓಡಿದ. ಮಂಗಳಾರತಿ ತಟ್ಟೆ ಅವನ ಎದುರಿಗೇ ಬಂತು. ಚಾಮುಂಡಿ ಬೆಟ್ಟದ ರಸ್ತೆಯ ಕ್ಲಿನಿಕ್ಕಿನ ಡಾಕ್ಟರು ಸ್ಟೆತಾಸ್ಕೋಪಿಗೂ ಕುಂಕುಮ ಇಟ್ಟಿದ್ದರು. ಅಂಗಿಯ ಕೆಂಪು ನೋಡಿ ಗಾಬರಿಯಾಗಿ ಅವನನ್ನು ಮಲಗಿಸಿ ಗಾಯ ಹುಡುಕತೊಡಗಿದರು. ಗಾಯವಿಲ್ಲವೆಂದು ಅವರಿಗೆ ಒಪ್ಪಿಸಿ ಎದ್ದು ಬರುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಅವರೂ ಪುರಿ ಕೊಟ್ಟರು. ಇನ್ನೆರಡು ಕಡೆಯೂ ಇದೇ ಕಥೆ.

ನಾಲ್ಕು ಗಂಟೆಗೆ ಷಡಕ್ಷರಿಯ ಕೈಯಲ್ಲಿ ಏಳು ಪುರಿ ಪೊಟ್ಟಣಗಳಿದ್ದವು. ಮೊದಲ ಬಾರಿಗೆ ಅವನು ಗಡುವಿಗೆ ಎಷ್ಟು ಹೊತ್ತು ಉಳಿದಿದೆ ಎಂದು ಲೆಕ್ಕ ಹಾಕಿದ. ನಾಲ್ಕು ವರ್ಷ ಸಂಜೆ ಸಂಜೆ ಕೂತು ಮಾಡಿದ ಕೆಲಸ. ಜಗತ್ತಿನಲ್ಲಿ ಅವನನ್ನು ಲೆಕ್ಕಕ್ಕೆ ಇಟ್ಟಿದ್ದುದು ಅದೊಂದೇ.

“ಅಣ್ಣಾ!” ಬೀರಯ್ಯ ಗಕ್ಕನೆ ಬ್ರೇಕ್ ಹಾಕಿದ. “ರಿಂಗ್ ರೋಡಿನಾಚೆ ಫಾರಿನ್ನೋರ ಇನ್ಶೂರೆನ್ಸ್ ಆಫೀಸು ಬಂದದಲ್ಲ? ಅಲ್ಲಿ ಮ್ಯಾನೇಜರ್ರು ಸಿದ್ದಲಿಂಗಸ್ವಾಮಿ ಅಂತ, ನಮ್ ಗಿರಾಕಿ. ಅವ್ರ ಪೂಜೆ ಸಂಜೆ ಐದಕ್ಕಂತೆ!”

ಐದಕ್ಕೆ ಕಾಲು ಗಂಟೆ ಇರುವಾಗ ಅವರು ಅಲ್ಲಿ ಮುಟ್ಟಿದರು. ಕಚೇರಿಯ ಉಸ್ತುವಾರಿಯ ಸಿದ್ದಲಿಂಗಸ್ವಾಮಿ ಬಾಗಿಲಲ್ಲೇ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಪಕ್ಕದಲ್ಲಿ ಪುರೋಹಿತರು ಗಡಿಯಾರ ನೋಡುತ್ತಿದ್ದರು.

“ಸಾಮೀ, ಇವ್ರು ದೊಡ್ಡ ಕಂಪ್ಯೂಟರ್ ಪಂಡಿತ್ರು. ಒಂದ್ ಮೇಲ್ ಕಳಿಸ್ಬೇಕಂತೆ,” ಎಂದ ಬೀರಯ್ಯ.

“ದೊಡ್ಡ ಕಂಪ್ಯೂಟರಾ?” ಸಿದ್ದಲಿಂಗಸ್ವಾಮಿಯವರ ಕಣ್ಣು ಬೆಳಗಿತು. “ಮೇನ್‌ಫ್ರೇಮ್ ಗೊತ್ತಾ ಸಾರ್?”

ಷಡಕ್ಷರಿ ಎದೆ ಸೆಟೆಸಿದ. “ನಾಲ್ಕು ವರ್ಷದಿಂದ ಅದೇ ಕೆಲಸ.”

“ದೇವ್ರು ಬಂದಂಗೆ ಬಂದ್ರಿ! ಒಳಗಿರೋದನ್ನ ನಿಲ್ಲಿಸ್ಕೊಡಿ. ಓಡ್ತಿರೋ ಯಂತ್ರಕ್ಕೆ ಕುಂಕುಮ ಇಡಲ್ಲ ಅಂತ ಇವ್ರು ಹಟ ಹಿಡ್ದವ್ರೆ. ಇನ್ನೂ ಟೆಸ್ಟಿಂಗ್‌ನಲ್ಲಿರೋದು, ನಾಳೆ ಬೆಳಿಗ್ಗೆವರ್ಗೂ ನಿಲ್ಸಿ ಅಂತ ಫಾರಿನ್ನೋರೂ ಒಪ್ಪವ್ರೆ. ನಿಲ್ಸಕ್ಕೆ ಗೊತ್ತಿರೋದು ಬಿಂದುಶ್ರೀ ಮೇಡಂ ಒಬ್ರಿಗೇ. ಅವ್ರು ಪಾಸ್‌ವರ್ಡು, ವಿಧಾನ ಎಲ್ಲಾ ಬರ್ದಿಟ್ಟು ಅವ್ರ ಮನೆ ಪೂಜೆಗೆ ಹೋಗವ್ರೆ. ಅದನ್ನ ಮುಟ್ಟಕ್ಕೆ ಇಲ್ಲಿ ಒಬ್ರಿಗೂ ಧೈರ್ಯ ಇಲ್ಲ.”

“ಮೊದಲು ನನ್ನ ಮೇಲ್,” ಎಂದ ಷಡಕ್ಷರಿ.

ಸ್ವಾಗತದ ಮೇಜಿನ ಮೇಲೆ ಹಣೆ ಬೋಳಾದ ಒಂದು ಸಾಮಾನ್ಯ ಕಂಪ್ಯೂಟರ್ ಇತ್ತು. ಇಡೀ ಊರಿನಲ್ಲಿ ಅಂಥದನ್ನು ಅವನು ಕಂಡದ್ದು ಅದೊಂದೇ. ಕೂತು, ಸರಿಯಾಗಿ ಐದು ಗಂಟೆಗೆ ಬರೆದ: ‘ನಾನಿದ್ದೇನೆ.’ ಮೇಲ್ ಹೋಯಿತು. ಷಡಕ್ಷರಿಯ ಕಣ್ಣಲ್ಲಿ ನೀರೇ ಬಂತು. ಬೀರಯ್ಯ ಚಪ್ಪಾಳೆ ತಟ್ಟಿದ.

ಆಮೇಲೆ ಗಾಜಿನ ಬಾಗಿಲು ತೆರೆದು ಒಳಕ್ಕೆ ಕರೆದೊಯ್ದರು. ತಣ್ಣನೆಯ ಕೋಣೆ. ನಡುವೆ ಕಪ್ಪಗೆ, ಆಳೆತ್ತರಕ್ಕೆ, ಗುಂಯ್ ಎನ್ನುತ್ತ ನಿಂತಿತ್ತು. ನಾಲ್ಕು ವರ್ಷ ಯಾವುದಕ್ಕಾಗಿ ದುಡಿದಿದ್ದನೋ ಆ ಜಾತಿಯ ಯಂತ್ರವನ್ನು ಷಡಕ್ಷರಿ ಕಣ್ಣಾರೆ ಕಂಡದ್ದು ಅದೇ ಮೊದಲು. ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ಯಾರಿಗೂ ಕಾಣದಂತೆ ಒಂದು ಸಲ ಕೈಯಿಂದ ಸವರಿದ. ಬೆಚ್ಚಗಿತ್ತು. ಅವನಿಗೆ ನಿಜವಾಗಿ ಬಹಳ ಖುಷಿಯಾಯಿತು.

ಬಿಂದುಶ್ರೀಯವರ ಚೀಟಿ ಹಿಡಿದು ಕೆಲಸಕ್ಕೆ ಕೂತ. ಪರದೆಯ ಮೇಲೆ ಒಂದರಿಂದ ಆರರವರೆಗೆ ಅಂಕಿಗಳು. ಯಂತ್ರದೊಳಗೆ ಆರು ಭಾಗಗಳು. ಐದು ಭಾಗ ಹೇಳಿದ ಮಾತು ಕೇಳಿ ಮಲಗಿದವು. ಆರನೆಯದು ಮಾತ್ರ ಹಟ ಮಾಡಿತು: ಒಳಗೆ ಏನೋ ದೊಡ್ಡ ಕೆಲಸ ನಡೆಯುತ್ತಿದೆ, ನಿಲ್ಲಿಸಲೇ?

“ಯಾವನೋ ಬೇಜವಾಬ್ದಾರಿ ಮನುಷ್ಯ,” ಎಂದ ಷಡಕ್ಷರಿ ಗಂಭೀರವಾಗಿ. “ಹಬ್ಬ ಅಂತಾನೂ ನೋಡ್ದೆ ಕೆಲಸ ಹಚ್ಚಿ ಹೋಗಿದ್ದಾನೆ. ಏನ್ ಮಾಡೋಣ?”

“ಆರ್ಸಿ ಸಾರ್. ಮುಹೂರ್ತ ಮೀರ್ತದೆ.”

ಷಡಕ್ಷರಿ ಆರಿಸಿದ. ಗುಂಯ್ ಎನ್ನುವ ಸದ್ದು ನಿಂತಿತು. ಆಗ ಐದು ಗಂಟೆ ಹದಿನೆಂಟು ನಿಮಿಷ. ಪುರೋಹಿತರು ಕುಂಕುಮ ಇಟ್ಟು, ಹಾರ ಹಾಕಿ, ಗಂಟೆ ಬಾರಿಸಿದರು. ಸಿದ್ದಲಿಂಗಸ್ವಾಮಿ ಒಂದು ಶಾಲು ತರಿಸಿ, ಕೆಂಪಾದ ಅಂಗಿಯ ಮೇಲೆಯೇ ಷಡಕ್ಷರಿಗೆ ಹೊದಿಸಿದರು. ಎಂಟನೆಯ ಪೊಟ್ಟಣ ಪುರಿಯೂ ಸಿಕ್ಕಿತು.

ಐದೂಮುಕ್ಕಾಲಿಗೆ, ಫಲಿತಾಂಶ ನೋಡಿಕೊಂಡೇ ಹೋಗೋಣವೆಂದು ಷಡಕ್ಷರಿ ಹೊರಗಿನ ಕಂಪ್ಯೂಟರಿಗೆ ಬಂದ. ಜರ್ಮನ್ ಮೇಷ್ಟ್ರು ಐವರಿಗೂ ಸೇರಿಸಿ ಬರೆದಿದ್ದರು.

‘ಗೆಳೆಯರೇ, ಐದನೆಯ ಹೆಸರು ಸಮಯಕ್ಕೆ ಬಂತು. ಆದರೆ ಗಡುವಿಗೆ ಹನ್ನೆರಡು ನಿಮಿಷ ಮೊದಲು ನಮ್ಮ ಯಂತ್ರವನ್ನೇ ಯಾರೋ ಆರಿಸಿದ್ದಾರೆ. ಮೂರು ದಿನದ ಕೆಲಸವೂ ಹಾಳಾಯಿತು. ನಮ್ಮನ್ನು ಪಟ್ಟಿಯಿಂದ ತೆಗೆದರು. ಇನ್ನು ಗುಟ್ಟು ಮಾಡಿ ಪ್ರಯೋಜನವಿಲ್ಲ. ಜೂನ್‌ನಲ್ಲಿ ಆ ಕಂಪನಿ ನಮ್ಮ ಮೂಲೆಯನ್ನು ಭಾರತದಲ್ಲಿರುವ ತನ್ನ ಹೊಸ ಯಂತ್ರಕ್ಕೆ ವರ್ಗಾಯಿಸಿತ್ತು. ಊರಿನ ಹೆಸರು ಮೈಸೂರು. ಈ ಅನಾಹುತ ಮಾಡಿದವರು ಯಾರೆಂದು ಹೋಗಿ ಕೇಳಲು ಆ ಊರಿನಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ?’

ಷಡಕ್ಷರಿ ಎರಡು ಸಲ ಓದಿದ.

“ಸ್ವಾಮಿಯವರೆ, ಒಳಗಡೆ ಆ ಆರನೇ ಭಾಗ... ಅದು ಯಾರದು?”

“ಅದಾ? ಯಾರೋ ಪುಕ್ಕಟೆ ಸೇವೆ ಮಾಡೋ ಹುಚ್ಚರಿಗೆ ಧರ್ಮಕ್ಕೆ ಕೊಟ್ಟವ್ರಂತೆ. ಯಾಕೆ ಸಾರ್?”

“ಈಗ್ಲೇ ಮತ್ತೆ ಓಡಿಸ್ಬೇಕು!”

“ಛೆ ಛೆ,” ಎಂದರು ಪುರೋಹಿತರು. “ಪೂಜೆ ಆಯ್ತು. ಇನ್ನು ನಾಳೆ ಬೆಳಿಗ್ಗೆಯೇ ಮುಟ್ಟೋದು.” ಹಾಗೆನ್ನುತ್ತಲೇ ಕೈ ಚಾಚಿ, ಷಡಕ್ಷರಿಯ ಎದುರಿಗಿದ್ದ ಕಂಪ್ಯೂಟರಿನ ಬೋಳು ಹಣೆಗೂ ಕುಂಕುಮ ಇಟ್ಟರು.

ಬೀರಯ್ಯ ಅವನನ್ನು ಮನೆಯ ಮುಂದೆ ಇಳಿಸಿ ಹೋದ. ಸರ್ವಮಂಗಳಾ ಬಾಗಿಲಲ್ಲೇ ಕಾದಿದ್ದಳು, ಹಿಂದೆ ಸುಂದರಮ್ಮ.

“ಎಲ್ಲಿಗ್ರೀ ಹೋಗಿದ್ರಿ? ನೀವು ಹೊರಟು ಹತ್ತು ನಿಮಿಷಕ್ಕೆ ಎಲ್ಲಾ ಸರಿಹೋಯ್ತು!”

“ನೀನು ಹೇಳಿದ್ದು ಸರಿಯಾಗಿತ್ತು ಕಣಪ್ಪ,” ಎಂದರು ಸುಂದರಮ್ಮ ದೊಡ್ಡ ಮನಸ್ಸಿನಿಂದ. “ಶಾಸ್ತ್ರಿಗಳಿಗೆ ಫೋನ್ ಮಾಡಿ ಕೇಳ್ದೆ. ಚಕ್ರ ಇದ್ರೆ ಹತ್ತಿಸಬಹುದು ಅಂದ್ರು. ಮೌಸನ್ನ ನಿಂಬೆಹಣ್ಣಿನ ಮೇಲೆ ನಾನೇ ಹತ್ತಿಸಿದೀನಿ. ಮಧ್ಯಾಹ್ನದಿಂದ ಕಾಯ್ತಾ ಕೂತಿದೀವಿ. ಹೋಗು, ಅದೇನು ಕಳಿಸ್ಬೇಕೋ ಕಳಿಸು.”

ಕೀಬೋರ್ಡು ಮೇಜಿನ ಮೇಲೆ ಮರಳಿ ಕೂತಿತ್ತು. ಪಕ್ಕದಲ್ಲಿ ಅಪ್ಪಚ್ಚಿಯಾದ ಒಂದು ನಿಂಬೆಹಣ್ಣು. ಷಡಕ್ಷರಿ ಎಂಟು ಪೊಟ್ಟಣ ಪುರಿಯನ್ನು ಕೆಳಗಿಟ್ಟು, ಶಾಲು ಹೊದ್ದುಕೊಂಡೇ ಕುರ್ಚಿಯಲ್ಲಿ ಕುಸಿದ. ಮೇಷ್ಟ್ರ ಪ್ರಶ್ನೆಯನ್ನು ಇನ್ನೊಮ್ಮೆ ಓದಿದ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಯಾವ ಒಂದು ಸಾಲಿಗಾಗಿ ಮಧ್ಯಾಹ್ನದಿಂದ ಊರೆಲ್ಲ ಅಲೆದಿದ್ದನೋ, ಅದೇ ಸಾಲನ್ನು ಎರಡನೆಯ ಸಲ ಬರೆದ:

‘ನಾನಿದ್ದೇನೆ.’