ಮಾಸ್ಟರ ಸೈಕಲ್ಲಿಗೆ ಎರಡು ಬೆರಳು ಲೂಸು

ಬರೀ ಅಳತೆ ತೆಗೆದುಕೊಳ್ಳುವುದಕ್ಕೂ ದುಡ್ಡು ಕೇಳುವ ಜನ ಈ ಭೂಮಂಡಲದಲ್ಲಿ ಇದ್ದಾರೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಟೇಲರ್ ಮಾಸ್ಟರ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಅವರು ಅವನ್ನು ನುಂಗದೆ ಉಳಿದದ್ದು ಮನೆಯವರ ಪುಣ್ಯ. ಒಂದೊಂದಾಗಿ ಪಿನ್ನುಗಳನ್ನು ಉಗುಳಿ, ಮಿಷನ್ನಿನ ಮೇಲಿಂದ ಕಾಲು ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಸುದ್ದಿ ತಂದ ಭಾವಮೈದುನನನ್ನು ಕೆಕ್ಕರಿಸಿ ನೋಡಿದರು.

"ಏನಂದೆ? ಬಟ್ಟೆ ಕೊಡಲ್ಲ, ಹೊಲಿಯಲ್ಲ, ಒಂದು ಗುಂಡಿ ಕೂಡ ಹಚ್ಚಲ್ಲ. ಬರೀ ಅಳತೆ! ಅದಕ್ಕೆ ಒಂದು ಜೊತೆ ಕೋಟು-ಪ್ಯಾಂಟಿನ ಮಜೂರಿಗಿಂತ ಜಾಸ್ತಿನಾ?"

"ಬರೀ ಅಳತೆ ಅಲ್ಲ ಭಾವ, ಸೈಕಲ್ ಫಿಟ್ಟಿಂಗು. ಸೀಟು ಎಷ್ಟು ಎತ್ತರ, ಹ್ಯಾಂಡಲ್ಲು ಎಷ್ಟು ದೂರ, ಕಾಲು ಎಲ್ಲಿಡಬೇಕು ಅಂತ ನಿಮ್ಮ ಮೈ ನೋಡಿ ಕೂರಿಸ್ತಾರೆ. ಮಂಡಿನೋವು ಮಾಯ ಆಗುತ್ತೆ."

"ಮಾಯ ಆಗೋದು ದುಡ್ಡು ಕಣೋ!"

ಮಾಸ್ಟರಿಗೆ ಮಂಡಿನೋವಿದ್ದದ್ದು ನಿಜ. ಮನೆಯ ಮುಂದಿನ ಕೋಣೆಯೇ ಅಂಗಡಿಯಾದ್ದರಿಂದ ಅವರ ದೇಹಕ್ಕೆ ವ್ಯಾಯಾಮವೆಂದರೆ ಊಟಕ್ಕೆ ಒಳಗೆ ಹೋಗುವುದು ಮತ್ತು ಊಟ ಮುಗಿಸಿ ಹೊರಗೆ ಬರುವುದು ಮಾತ್ರ. ಡಾಕ್ಟರು ಬೈದ ಮೇಲೆ ಒಂದು ಸೈಕಲ್ಲು ಕೊಂಡಿದ್ದರು. ನೀಲಿ ಬಣ್ಣ, ಹಾವಿನ ಹಾಗೆ ಬಾಗಿದ ಹ್ಯಾಂಡಲ್ಲು. ಅವತ್ತಿನಿಂದ ಮಂಡಿ ಹಿಡಿಯಿತು, ಕತ್ತು ಹಿಡಿಯಿತು, ಅಂಗೈ ಜೋಮು ಹಿಡಿಯಿತು. (ಇನ್ನೊಂದು ಜಾಗವೂ ಹಿಡಿಯಿತು. ಡಾಕ್ಟರು ಹೆಂಗಸಾದ್ದರಿಂದ ಅದನ್ನು ಅವರ ಮುಂದೆ ಹೇಳಿರಲಿಲ್ಲ.)

ಆದರೂ ಆ ಸೈಕಲ್ಲೆಂದರೆ ಅವರಿಗೆ ಪ್ರಾಣ. ಯಾಕೆಂದರೆ ಬದುಕಿನಲ್ಲಿ ಎಲ್ಲಿ ಹೋದರೂ ಅವರನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ: "ಮಾಸ್ಟ್ರೆ, ಆಯ್ತಾ?" ಅಂಗಡಿಯಲ್ಲಿ ಅದೇ, ಬಸ್ಸಿನಲ್ಲಿ ಅದೇ, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಾಗ ಹಲ್ಲಿನ ಡಾಕ್ಟರೂ ಅದನ್ನೇ ಕೇಳಿದ್ದರು. ಸೈಕಲ್ಲೇರಿ ಬೆಳಗಿನ ರಸ್ತೆಗೆ ಬಿದ್ದರೆ ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳುವಷ್ಟರಲ್ಲಿ ಮಾಸ್ಟರು ಮುಂದಿನ ತಿರುವಿನಲ್ಲಿರುತ್ತಿದ್ದರು.

ಒಳಗಿನಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು.

"ಗಿರಾಕಿಗಳಿಗೆ ನೀವೇ ಭಾಷಣ ಬಿಗೀತೀರಲ್ಲ, ರೆಡಿಮೇಡ್ ಅಂದ್ರೆ ಇನ್ಯಾರದೋ ಮೈಗೆ ಹೊಲಿದ ಬಟ್ಟೆ ಅಂತ. ಈ ಸೈಕಲ್ಲೂ ರೆಡಿಮೇಡೇ ತಾನೇ?"

"ಬಟ್ಟೆ ಬೇರೆ, ಸೈಕಲ್ಲು ಬೇರೆ."

"ನರಳೋದು ಮಾತ್ರ ಒಂದೇ. ಪಕ್ಕದಲ್ಲಿ ಮಲಗೋಳು ನಾನು, ನನಗೆ ಗೊತ್ತು. ನೋಡಿ, ಭಾನುವಾರದ ತನಕ ಟೈಮು. ಇವನ ಸೈಕಲ್ ಗುಂಪಿನ ಜೊತೆ ಕೆರೆ ತನಕ ಹೋಗಿ, ಅಯ್ಯೋ ಅಮ್ಮಾ ಅನ್ನದೆ ವಾಪಸ್ ಬಂದ್ರೆ ಸೈಕಲ್ಲು ನಿಮ್ಮದು. ಇಲ್ಲಾಂದ್ರೆ ನನ್ನ ತಮ್ಮ ತಗೊಂಡು ಹೋಗ್ಲಿ."

ಭಾವಮೈದುನ ಆಗಲೇ ಸೈಕಲ್ಲಿನ ಬೆಲ್ಲು ಒತ್ತಿ ನೋಡುತ್ತಿದ್ದ. ಅವನಿಗೆ ಮೊದಲ ದಿನದಿಂದಲೂ ಅದರ ಮೇಲೆ ಕಣ್ಣಿತ್ತು.

"ಫಿಟ್ಟಿಂಗ್ ಅಂತೆ ಫಿಟ್ಟಿಂಗು!" ಎಂದು ಮಾಸ್ಟರು ಕತ್ತಿನಿಂದ ಟೇಪು ಎಳೆದರು. ಆ ಟೇಪು ಸ್ನಾನದ ಹೊತ್ತು ಬಿಟ್ಟರೆ ಅವರ ಕತ್ತಿನಿಂದ ಇಳಿಯುತ್ತಿರಲಿಲ್ಲ. "ಊರಿನ ಅರ್ಧ ಜನದ ಅಳತೆ ನನ್ನ ತಲೇಲಿದೆ. ನನ್ನ ಅಳತೆ ತೆಗೆಯೋಕೆ ಇನ್ನೊಬ್ಬನ ಕೈಗೆ ದುಡ್ಡು ಹಾಕಬೇಕಾ? ಹಿಡಿಯೇ ಈ ತುದೀನ!"

ಮರುದಿನ ಬೆಳಿಗ್ಗೆ ಆ ಐತಿಹಾಸಿಕ ಅಳತೆ ಸಮಾರಂಭ ನೆರವೇರಿತು. ಹೆಂಡತಿ ಹಿಮ್ಮಡಿಯ ಹತ್ತಿರ ಕೂತು ಟೇಪಿನ ತುದಿ ಹಿಡಿದಳು. ಮಾಸ್ಟರು ಒಳಗಾಲಿನ ಅಳತೆ ತೆಗೆದರು, ತೋಳಿನ ಅಳತೆ ತೆಗೆದರು, ಸೀಟಿನ ಕಂಬದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಆಮೇಲೆ ಆ ಗೆರೆಯ ಮೇಲೆ ಎರಡು ಬೆರಳಿಟ್ಟು ಇನ್ನೊಂದು ಗೆರೆ ಎಳೆದರು.

"ಇದೇನು?"

"ಎರಡು ಬೆರಳು ಲೂಸು. ಯಾವುದನ್ನೇ ಆಗಲಿ ಬಿಗಿಯಾಗಿ ಕೂರಿಸಬಾರದು."

"ಯಾಕೆ, ನಿಮ್ಮ ಕಾಲು ಇನ್ನೂ ಬೆಳೀತಾವಾ?"

"ಒಗೆದ ಮೇಲೆ ಕುಗ್ಗುತ್ತೆ ಕಣೇ."

"ಏನು, ಸೈಕಲ್ಲಾ?"

ಮಾಸ್ಟರು ಹ್ಯಾಂಡಲ್ಲಿನ ಕಡೆ ತಿರುಗಿದರು. ವರ್ಷಗಟ್ಟಲೆ ಬೆಳೆಯುವ ಮಕ್ಕಳಿಗೂ ಉಬ್ಬುವ ಹೊಟ್ಟೆಗಳಿಗೂ ಎರಡು ಬೆರಳು ಬಿಟ್ಟು ಕತ್ತರಿಸಿದ ಕೈ ಅದು. ಬುದ್ಧಿ ಬೇಡವೆಂದರೂ ಕೈ ಕೇಳುತ್ತಿರಲಿಲ್ಲ. ಸೀಟಿಗೆ ಎರಡು ಬೆರಳು, ಹ್ಯಾಂಡಲ್ಲಿಗೆ ಎರಡು ಬೆರಳು. ಸ್ಪ್ಯಾನರು ತಿರುಗಿಸಿ ಎಲ್ಲ ಬಿಗಿಮಾಡಿ, ಮನೆಯ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ, ಒಂದು ತಳ್ಳು ತಳ್ಳಿ ಹೊರಟೇಬಿಟ್ಟರು.

ಮೊದಲ ತಿರುವಿನ ತನಕ ವೈಭವವಾಗಿಯೇ ಹೋದರು. ಪೆಡಲು ಕೆಳಗೆ ಹೋದಾಗಲೆಲ್ಲ ಅದರ ಹಿಂದೆಯೇ ಅವರ ಸೊಂಟವೂ ಒಂದು ಪಕ್ಕಕ್ಕೆ ಜಾರುತ್ತಿತ್ತು, ಅಷ್ಟೇ. ಎದುರಿಗೆ ಹಾಲಿನ ಗಾಡಿ ಬಂತು. ಮಾಸ್ಟರು ಬ್ರೇಕು ಹಿಡಿದು ಕಾಲು ಕೆಳಗಿಟ್ಟರು. ಇಟ್ಟರು ಎನ್ನುವುದು ಅವರ ಭಾವನೆ. ಕಾಲಿಗೆ ನೆಲವೇ ಸಿಗಲಿಲ್ಲ! ಇನ್ನೊಂದು ಕಾಲು ಇಳಿಬಿಟ್ಟರು. ಅಲ್ಲಿಯೂ ನೆಲವಿರಲಿಲ್ಲ. ಹೌಹಾರಿದ ಮಾಸ್ಟರು ಬೀಳುವ ಮೊದಲು ಸಿಕ್ಕಿದ ಒಂದೇ ಆಸರೆಯನ್ನು, ಅಂದರೆ ದೀಪದ ಕಂಬವನ್ನು, ಬಹಳ ವರ್ಷಗಳ ಮೇಲೆ ಸಿಕ್ಕ ಗೆಳೆಯನನ್ನು ತಬ್ಬಿದ ಹಾಗೆ ಎರಡೂ ಕೈಯಿಂದ ತಬ್ಬಿಕೊಂಡರು. ಬಿಟ್ಟರೆ ಬೀಳುತ್ತಾರೆ, ಬಿಡದಿದ್ದರೆ ಇಳಿಯುವಂತಿಲ್ಲ.

"ಮಾಸ್ಟ್ರೆ, ಆಯ್ತಾ?"

ಕಂಬದ ಕೆಳಗೆ ನಿವೃತ್ತ ಹೆಡ್‌ಮಿಸ್ಸು ತರಕಾರಿ ಚೀಲ ಹಿಡಿದು ನಿಂತಿದ್ದರು. ಅವರ ಮನೆಯ ಕಿಟಕಿ ಪರದೆಗಳು ಮಾಸ್ಟರ ಬೀರುವಿನಲ್ಲಿ ಎಷ್ಟು ಕಾಲದಿಂದ ಮಲಗಿದ್ದವೆಂದರೆ, ಪಾಪ, ಆಕೆ ಗಾಜಿಗೆ ನ್ಯೂಸ್‌ಪೇಪರ್ ಅಂಟಿಸಿಕೊಂಡು ಸಂಸಾರ ಮಾಡುತ್ತಿದ್ದರು.

"ಮಿಸ್, ಸ್ವಲ್ಪ ಸೈಕಲ್ಲು ಹಿಡ್ಕೋತೀರಾ?"

"ಹಿಡ್ಕೋತೀನಿ. ಪರದೆ ಯಾವಾಗ?"

"ಮಂಗಳವಾರ ಬನ್ನಿ ಮಿಸ್."

"ಇವತ್ತೇ ಮಂಗಳವಾರ. ಯಾವ ಮಂಗಳವಾರ?"

ಅಷ್ಟರಲ್ಲಿ ಇನ್ನೂ ನಾಲ್ಕಾರು ಗಿರಾಕಿಗಳು ಸೇರಿದರು. ಓಡಿಹೋಗಲಾಗದ ಸ್ಥಿತಿಯಲ್ಲಿ ಮಾಸ್ಟರು ಸಿಕ್ಕಿದ್ದು ಅವರಿಗೆಲ್ಲ ಇದೇ ಮೊದಲು. ಒಬ್ಬೊಬ್ಬರಿಗೂ ಒಂದೊಂದು ದಿನ ಮಾತು ಕೊಟ್ಟ ಮೇಲೆಯೇ ಅವರನ್ನು ಕಂಬದಿಂದ ಇಳಿಸಿಕೊಂಡರು.

ಮಾರನೆಯ ದಿನ ಮಾಸ್ಟರು, ಗುಂಡಿ ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಸೈಕಲ್ಲು ತಳ್ಳಿಕೊಂಡು, ಕದ್ದ ಮಾಲು ಮಾರಲು ಹೊರಟವರಂತೆ ಫಿಟ್ಟಿಂಗ್ ಅಂಗಡಿಗೆ ಹೋದರು. ಅಲ್ಲಿದ್ದ ತಜ್ಞ ಬಹಳ ವಿನಯದ ಮನುಷ್ಯ. ಸೈಕಲ್ಲನ್ನು ಒಂದು ಸ್ಟ್ಯಾಂಡಿಗೆ ಕಚ್ಚಿಸಿ, ಮಾಸ್ಟರನ್ನು ಮೇಲೆ ಕೂರಿಸಿ, ಮಂಡಿ, ಸೊಂಟ, ಭುಜಗಳಿಗೆ ಬಿಳಿ ಚುಕ್ಕೆ ಅಂಟಿಸಿ ತುಳಿಯಲು ಹೇಳಿದ. ಆಮೇಲೆ ಅದರ ವಿಡಿಯೋ ತೋರಿಸಿದ. ಮಾಸ್ಟರು ಬೆಚ್ಚಿಬಿದ್ದರು. ಅಲ್ಲಿ ಸೈಕಲ್ಲಿನ ಮೇಲೆ ಯಾರೋ ಬೆನ್ನು ಗೂನಾದ ಮುದುಕ ಬಲಮಂಡಿಯನ್ನು ಹೊರಕ್ಕೆ ಚಾಚಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದ. ಅಂಗಿಯ ಕಾಲರು ಚೆನ್ನಾಗಿ ಕೂತಿದ್ದರಿಂದಷ್ಟೇ ಅದು ತಾವೇ ಎಂದು ಗೊತ್ತಾಯಿತು.

"ಸೀಟು ಎರಡು ಬೆರಳು ಮೇಲಿದೆ. ಹ್ಯಾಂಡಲ್ಲೂ ಎರಡು ಬೆರಳು ದೂರ ಇದೆ. ಯಾರು ಸಾರ್ ಕೂರಿಸಿದ್ದು ಇದನ್ನ?"

"ಯಾರೋ ಗೊತ್ತಿಲ್ಲದವನು," ಎಂದರು ಮಾಸ್ಟರು ಗೋಡೆ ನೋಡುತ್ತಾ.

ತಜ್ಞ ನಗುತ್ತಾ ಸ್ಪ್ಯಾನರು ತರಲು ಆ ಕಡೆ ತಿರುಗಿದ. ಅವನ ಬೆನ್ನು ಕಂಡ ಕ್ಷಣ ಮಾಸ್ಟರಿಗೆ ಸಿಡಿಲು ಬಡಿದಂತಾಯಿತು. ಅವರಿಗೆ ಗಿರಾಕಿಗಳ ಮುಖ ನೆನಪಿರುವುದಿಲ್ಲ, ಮೈ ಮಾತ್ರ ಮರೆಯುವುದಿಲ್ಲ. ಎಡಭುಜ ಒಂದು ಗೆರೆ ಇಳಿಜಾರು, ಬೆನ್ನು ಅಗಲ, ಸೊಂಟ ಸಣ್ಣ. ಬೂದು ಬಣ್ಣದ ಕೋಟು! ಇವನ ಅಣ್ಣನ ಮದುವೆಗೆ ಎಂದು ಹೊಲಿಯಲು ಕೊಟ್ಟದ್ದು. ಮದುವೆ ಆಗಿಹೋಯಿತು. ಕೋಟು ಇನ್ನೂ ಒಂದು ತೋಳಿಲ್ಲದೆ ಹ್ಯಾಂಗರಿನಲ್ಲಿ ನೇತಾಡುತ್ತಿತ್ತು.

"ನೆನಪಾಯ್ತಾ ಮಾಸ್ಟ್ರೆ?" ಎಂದ ತಜ್ಞ ತಿರುಗದೆಯೇ. "ಮದುವೆಗೆ ನಾನು ಮಾವನ ಕೋಟು ಹಾಕ್ಕೊಂಡು ಹೋದೆ. ಫೋಟೋದಲ್ಲಿ ಬರೀ ಕೋಟೇ ಕಾಣುತ್ತೆ, ಒಳಗೆ ನಾನಿಲ್ಲ."

ಮಾಸ್ಟರು ಸೈಕಲ್ಲಿನ ಬೆಲ್ಲು ಸವರಿದರು. "ಅದು... ಸ್ವಲ್ಪ ಕೆಲಸ ಬಾಕಿ ಇದೆ. ನನ್ನ ಸೈಕಲ್ಲು ಎಷ್ಟು ಹೊತ್ತಿಗೆ ಆಗಬಹುದು?"

"ಇದಾ? ಆದಂಗೇ. ಸ್ವಲ್ಪ ಕೆಲಸ ಬಾಕಿ ಇದೆ, ಅಷ್ಟೇ. ಬಿಟ್ಟು ಹೋಗಿ. ಮಂಗಳವಾರ ಬನ್ನಿ."

ಅದೇ ಮಾತು, ಅದೇ ನಗು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವ ಅದೇ ಶೈಲಿ. ತಮ್ಮದೇ ಮಾತನ್ನು ಗಿರಾಕಿಯ ಜಾಗದಲ್ಲಿ ನಿಂತು ಕೇಳಿದಾಗ ಅದು ಎಷ್ಟು ಘೋರವಾಗಿರುತ್ತದೆ ಎಂಬುದು ಮಾಸ್ಟರಿಗೆ ಗೊತ್ತಿರಲಿಲ್ಲ. "ಭಾನುವಾರ ಬೇಕಿತ್ತಲ್ಲಪ್ಪಾ!" ಎಂದು ಗೋಗರೆದರು. "ನೋಡೋಣ, ಮಾಡಿಕೊಡೋಣ, ನೀವೇನು ಯೋಚನೆ ಮಾಡಬೇಡಿ," ಎಂದ ತಜ್ಞ. ಆ ಮಾತಿನ ಅರ್ಥವೇನೆಂದು ಮಾಸ್ಟರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮನೆಗೆ ಕಾಲೆಳೆದುಕೊಂಡು ಬಂದರು.

"ಸೈಕಲ್ಲೆಲ್ಲಿ?" ಎಂದಳು ಹೆಂಡತಿ.

"ಗಾಳಿ ಹೊಡೆಸೋಕೆ ಬಿಟ್ಟಿದ್ದೀನಿ."

"ಬಿಟ್ಟು ಬರೋವಷ್ಟು ಗಾಳಿ ಹಿಡಿಯುತ್ತಾ ಅದಕ್ಕೆ?"

ಮಾಸ್ಟರು ಬೂದು ಕೋಟನ್ನು ಹ್ಯಾಂಗರಿನಿಂದ ಇಳಿಸಿದರು. ಊಟಕ್ಕೆ ಕರೆದರೆ ಆಮೇಲೆ ಅಂದರು. ಟೀ ಆರಿಹೋಯಿತು. ಹೊಸ ಗಿರಾಕಿ ಬಂದರೆ ಕತ್ತೆತ್ತಿಯೂ ನೋಡಲಿಲ್ಲ. ಗಾಬರಿಯಾದ ಹೆಂಡತಿ ಹಣೆ ಮುಟ್ಟಿ ನೋಡಿದಳು.

"ಏನಾಯ್ತು ನಿಮಗೆ? ಹಿಡಿದ ಬಟ್ಟೇನ ಮುಗಿಸ್ತಾ ಇದ್ದೀರಿ! ಡಾಕ್ಟರಿಗೆ ಹೇಳಿ ಕಳಿಸಲಾ?"

ಶನಿವಾರ ಮಧ್ಯಾಹ್ನ ಮಾಸ್ಟರು ಇಸ್ತ್ರಿ ಬಿಸಿ ಆರದ ಕೋಟು ಹಿಡಿದು ಫಿಟ್ಟಿಂಗ್ ಅಂಗಡಿಗೆ ಓಡಿದರು. ತಜ್ಞ ತೊಟ್ಟುಕೊಂಡ. ಮಾಸ್ಟರು ಕತ್ತಿನ ಟೇಪು ತೆಗೆದು ತೋಳಿನ ಉದ್ದ ಪರೀಕ್ಷಿಸಿ, ಟೇಪನ್ನು ಅಲ್ಲೇ ನಿಂತಿದ್ದ ಯಾವುದೋ ಸೈಕಲ್ಲಿಗೆ ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಕೋಟು ಮೈಗೆ ಚರ್ಮದ ಹಾಗೆ ಕೂತಿತ್ತು. ತಜ್ಞ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ಒಳಗೆ ಹೋಗಿ, ನೀಲಿ ಸೈಕಲ್ಲು ತಂದು ಮುಂದೆ ನಿಲ್ಲಿಸಿದ.

"ಇಷ್ಟು ಬೇಗ?" ಮಾಸ್ಟರು ದಂಗಾದರು.

"ಇದು ಅವತ್ತೇ ಆಗಿತ್ತು ಮಾಸ್ಟ್ರೆ. ನೀವು ಈ ಬಾಗಿಲು ದಾಟೋ ಹೊತ್ತಿಗೆ ಆಗಿತ್ತು."

ಬಿಟ್ಟ ಬಾಯಿ ಮುಚ್ಚುವ ಮೊದಲೇ ಬಿಲ್ಲು ಕೈಗೆ ಬಂತು. ಅದರಲ್ಲಿ ಒಂದು ಕಾಸೂ ಬಿಟ್ಟಿರಲಿಲ್ಲ. ಕೋಟಿನ ಲೆಕ್ಕ ಬೇರೆ, ಫಿಟ್ಟಿಂಗಿನ ಲೆಕ್ಕ ಬೇರೆಯಂತೆ. ಮಾಸ್ಟರು ಕಣ್ಣು ಮುಚ್ಚಿಕೊಂಡು ಕೊಟ್ಟರು.

ಭಾನುವಾರ ಬೆಳಿಗ್ಗೆ ಅವರಿಗೆ ಕಾದಿದ್ದದ್ದು ಎಲ್ಲಕ್ಕಿಂತ ದೊಡ್ಡ ಆಘಾತ. ನೋವೇ ಇಲ್ಲ! ಮೊದಲ ಏರು ದಾಟಿದರು, ಮಂಡಿ ತೆಪ್ಪಗಿತ್ತು. ಕೆರೆ ಮುಟ್ಟಿದರು, ಕತ್ತು ಆರಾಮವಾಗಿ ಎರಡೂ ಕಡೆ ತಿರುಗಿತು. ಅಂಗೈಗೆ ಜೀವ ಇತ್ತು. (ಆ ಇನ್ನೊಂದು ಜಾಗದ ಬಗ್ಗೆಯೂ ದೂರಿಲ್ಲ.) ಸೈಕಲ್ಲು ತಮ್ಮ ಮೈಯ ಒಂದು ಭಾಗವೇ ಆಗಿಹೋಗಿದೆ ಅನ್ನಿಸಿ ಅವರ ಕಣ್ಣಲ್ಲಿ ನೀರು ಬಂತು. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಮೋಸವೇ ಇಲ್ಲ ಎಂದು ದಾರಿಯುದ್ದಕ್ಕೂ ಗಾಳಿಗೆ ಹೇಳಿಕೊಂಡರು. ಗಾಳಿಗಷ್ಟೇ ಹೇಳಬಹುದಿತ್ತು.

ಗುಂಪಿನ ಜೊತೆ ಮನೆ ಮುಂದೆ ಬಂದಿಳಿದಾಗ ಭಾವಮೈದುನನ ಮುಖ ಸಪ್ಪಗಿತ್ತು. ಪರದೆ ಕೇಳಲು ಬಂದಿದ್ದ ಹೆಡ್‌ಮಿಸ್ಸು ಬಾಗಿಲಲ್ಲೇ ನಿಂತಿದ್ದರು.

"ಭಾವ, ಒಂದು ಸಲಾನೂ ನರಳಲಿಲ್ಲ ನೀವು! ಫಿಟ್ಟಿಂಗ್ ಮಾಡಿಸಿದ್ರಾ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಸುತ್ತ ಅಷ್ಟು ಜನ, ಅಷ್ಟು ಮೆಚ್ಚುಗೆ.

"ಮಾಡಿಸೋದು ಯಾಕೆ? ನಾನೇ ಮಾಡಿಕೊಂಡೆ. ಅಳತೆ ಗೊತ್ತಿದ್ದವನಿಗೆ ಎಲ್ಲಾ ಒಂದೇ ಕಣೋ. ಒಂದು ಟೇಪು ಇದ್ರೆ ಸಾಕು."

"ಹಾಗಾದ್ರೆ ನಮ್ಮ ಸೈಕಲ್ಲುಗಳಿಗೂ ಮಾಡಿಕೊಡಿ ಮಾಸ್ಟ್ರೆ!" ಎಂದು ಗುಂಪು ಮುತ್ತಿಕೊಂಡಿತು.

"ಅದಕ್ಕೇನಂತೆ, ಬಿಟ್ಟು ಹೋಗಿ. ಈ ಟೇಪು ಒಂದಿದ್ರೆ..." ಎನ್ನುತ್ತಾ ಮಾಸ್ಟರು ಠೀವಿಯಿಂದ ಕತ್ತಿಗೆ ಕೈ ಹಾಕಿದರು. ಕತ್ತಷ್ಟೇ ಸಿಕ್ಕಿತು. ಇನ್ನೊಂದು ಕಡೆ ತಡವಿದರು. ಅಲ್ಲೂ ಕತ್ತೇ.

ಹೆಂಡತಿ ಒಳಗಿನಿಂದ ಬಂದು, ಮಡಿಸಿದ ಟೇಪನ್ನು ಅವರ ಕತ್ತಿಗೆ ಮೆಲ್ಲಗೆ ಹಾಕಿದಳು. ಹಾಕುತ್ತಾ ಕಿವಿಯ ಹತ್ತಿರ ಬಾಗಿದಳು.

"ಬೆಳಿಗ್ಗೆ ಫಿಟ್ಟಿಂಗ್ ಅಂಗಡಿಯವರು ಬಂದಿದ್ರು. ನಿನ್ನೆ ಅಲ್ಲೇ ಬಿಟ್ಟು ಬಂದಿದ್ರಂತೆ. ಕೋಟು ಬಹಳ ಚೆನ್ನಾಗಿ ಕೂತಿದೆ."

ಹೆಂಡತಿ ಇನ್ನೂ ಮೆಲ್ಲಗೆ ಹೇಳಿದಳು.

"ಹೆದರಬೇಡಿ, ಯಾರಿಗೂ ಹೇಳಲ್ಲ. ಸೈಕಲ್ಲೂ ನಿಮ್ಮದೇ. ಆದ್ರೆ ಇವರ ಸೈಕಲ್ಲುಗಳನ್ನ ವಾಪಸ್ ಕಳಿಸೋಕೆ ಮಾತ್ರ ಬಿಡಲ್ಲ."

ಆಮೇಲೆ ಜನರ ಕಡೆ ತಿರುಗಿ, "ಒಳಗೆ ತಂದು ನಿಲ್ಲಿಸಿ, ಜಾಗ ಇದೆ," ಎಂದು ಬಾಗಿಲು ಪೂರ್ತಿ ತೆರೆದಳು. ಒಂದರ ಹಿಂದೊಂದು ಸೈಕಲ್ಲು ಒಳಗೆ ಬಂದು ಗೋಡೆಗೊರಗಿತು, ಮಿಷನ್ನಿಗೊರಗಿತು, ಬಟ್ಟೆಯ ಬೀರುವಿಗೊರಗಿತು. ಅಷ್ಟನ್ನೂ ಆ ತಜ್ಞನ ಅಂಗಡಿಗೆ ಹೊರಿಸಿ, ಒಂದೊಂದಕ್ಕೂ ಒಂದೊಂದು ಕೋಟಿನ ಮಜೂರಿ ತೆರುವ ದೃಶ್ಯ ಕಣ್ಣ ಮುಂದೆ ಬಂದು ಮಾಸ್ಟರ ಮಂಡಿ ಮತ್ತೆ ಹಿಡಿದುಕೊಂಡಿತು.

"ಯಾವಾಗ ಬರೋಣ ಭಾವ?" ಎಂದ ಭಾವಮೈದುನ.

ಮಾಸ್ಟರು ಬಾಯಿ ತೆರೆದರು. ಬಂದದ್ದು ಒಂದೇ ಮಾತು.

"ಮಂಗಳವಾರ..."

ಹೆಡ್‌ಮಿಸ್ಸು ಮೆಟ್ಟಿಲ ಮೇಲೆ ಆರಾಮವಾಗಿ ಕೂತುಕೊಂಡರು.

"ಯಾವ ಮಂಗಳವಾರ?"